ಗುಡ್ಡದ ಹೆಗಲು ಕೊರೆದ ಲೆಕ್ಕ

ಜೆಸಿಬಿ ಈಗಷ್ಟೇ ಕೊರೆದ ಮಣ್ಣಿನ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯ ಮಾತಲ್ಲ, ಅದು ಯಾರಿಗೆ ಬೇಡ? ಇದು ಬೇರೆ. ಯಾವ ಕಾಲದಿಂದಲೋ ಬಿಸಿಲು ಕಾಣದೆ ಒಳಗೇ ಇದ್ದ ಮಣ್ಣು, ಡೀಸೆಲ್ ಹೊಗೆ, ಕಲ್ಲಿಗೆ ಕಬ್ಬಿಣ ಉಜ್ಜಿದ ಕಮಟು, ಮೂರೂ ಸೇರಿದ ವಾಸನೆ. ಹೋದ ವಾರ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವಾಗ ರಸ್ತೆ ಅಗಲ ಮಾಡುತ್ತಿದ್ದ ಕಡೆ ಬಸ್ಸು ಹತ್ತು ನಿಮಿಷ ನಿಂತಿತು. ನಾನು ಕಿಟಕಿ ಎಳೆದು ಮುಚ್ಚಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಸೆಕೆ ಆಗ್ತೈತೆ, ತೆಗೀರಿ ಮೇಡಂ" ಎಂದರು. ತೆಗೆಯಲೇಬೇಕಾಯಿತು.

ಅವತ್ತೇ ಬೆಳಿಗ್ಗೆ ತರಗತಿಯಲ್ಲಿ ಒಂದು ಹುಡುಗಿ ಎದ್ದು ನಿಂತು ಕೇಳಿದ್ದಳು: "ಮಿಸ್, ಈ ಮಲ್ಟಿವೇರಿಯೆಬಲ್ ಕ್ಯಾಲ್ಕುಲಸ್ ಯಾವ ಕೆಲಸಕ್ಕೆ ಬರ್ತೈತೆ?" ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಸೇತುವೆ ಕಟ್ಟಲು, ಹವಾಮಾನ ಹೇಳಲು, ಔಷಧಿ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯಲು ಎಂದು ಪಟ್ಟಿ ಒಪ್ಪಿಸಿದೆ. ಸುಳ್ಳೇನಲ್ಲ. ಆದರೆ ನಾನೇ ಅದನ್ನು ಆರು ತಿಂಗಳು ಕೆಲಸಕ್ಕೆ ಹಚ್ಚಿದ್ದೆ ಎಂಬುದನ್ನು ಮಾತ್ರ ಈವರೆಗೆ ಯಾವ ತರಗತಿಯಲ್ಲೂ ಹೇಳಿಲ್ಲ.

ನನಗೆ ಆ ಲೆಕ್ಕ ಕಲಿಸಿದವರು ಓಂಕಾರಪ್ಪ ಮೇಷ್ಟ್ರು. ದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಬೋರ್ಡಿನ ಕಡೆ ತಿರುಗುವುದಕ್ಕಿಂತ ಹೆಚ್ಚು ಕಿಟಕಿಯ ಕಡೆ ತಿರುಗುತ್ತಿದ್ದರು, ಅಲ್ಲಿ ಕೋಟೆಯ ಬಂಡೆಗಳು ಕಾಣುತ್ತಿದ್ದವು. "ದಾರಿ ಮೇಲೆ ನಿಂತಿದ್ರೆ ಏರು ಎಷ್ಟು ಅನ್ನೋದಕ್ಕೆ ಒಂದೇ ಉತ್ತರ. ಗುಡ್ಡದ ಮೇಲೆ ನಿಂತಿದ್ರೆ, ಯಾವ ಕಡೆಗೆ ಅಂತ ಮೊದ್ಲು ಕೇಳಬೇಕು. ಅಷ್ಟೇ ಕಣ್ರಮ್ಮ, ಇನ್ನು ಮುಂದಿನ ಆರು ತಿಂಗಳು ನಾನು ಹೇಳೋದೆಲ್ಲ ಇಷ್ಟೇ." ಎಲ್ಲಕ್ಕಿಂತ ಕಡಿದಾದ ಏರು ಯಾವ ಕಡೆಗಿದೆಯೋ ಅದನ್ನು ತೋರಿಸುವ ಬಾಣಕ್ಕೆ ಗ್ರೇಡಿಯೆಂಟ್ ಎನ್ನುತ್ತಾರೆ, ಅದಕ್ಕೆ ಸರಿಯಾಗಿ ಅಡ್ಡ ನಡೆದರೆ ಏರೂ ಇಲ್ಲ ಇಳಿಜಾರೂ ಇಲ್ಲ ಎಂದು ಅವರು ಹೇಳಿದ ದಿನ ನಾನು ಹಾಸ್ಟೆಲ್ಲಿಗೆ ಬಂದು ಸಂತೋಷಕ್ಕೆ ಅತ್ತಿದ್ದೆ. ಕುರಿ ಸಾಕಿದವರ ಮನೆಯ ಹುಡುಗಿ ನಾನು. ರಜಕ್ಕೆ ತಾಯಿಯ ತವರಿಗೆ ಹೋದಾಗಲೆಲ್ಲ ಕುರಿಗಳ ಹಿಂದೆ ಗುಡ್ಡ ಹತ್ತಿದವಳು. ನನಗೆ ಕಾಲಿನಿಂದ ಗೊತ್ತಿದ್ದದ್ದಕ್ಕೆ ಪುಸ್ತಕದಲ್ಲಿ ಹೆಸರಿದೆ ಎಂದು ತಿಳಿದದ್ದು ಅವತ್ತು.

ಎಂಎಸ್ಸಿ ಮುಗಿಸಿ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ, ನಮ್ಮ ಮನೆಯಲ್ಲಿ, ಎರಡು ವರ್ಷ ಕೂತೆ. ಅರ್ಜಿ ಹಾಕುವುದು, ಕಾಯುವುದು, ಮಕ್ಕಳಿಗೆ ಟ್ಯೂಷನ್ ಹೇಳುವುದು. ಊರಿನವರಿಗೆ ಬೇರೆ ಕೆಲಸವಿರಲಿಲ್ಲ. "ಅಷ್ಟೊಂದು ಲೆಕ್ಕ ಕಲ್ತು ಏನ್ ಎಣಿಸ್ತೀಯವ್ವ, ನಕ್ಷತ್ರನಾ?" ಎಂದು ಕೇಳುತ್ತಿದ್ದರು. ಸಂಕ್ರಾಂತಿ ಕಳೆದ ವಾರ ಮೇಷ್ಟ್ರ ಫೋನು ಬಂತು. ಅವರು ನಿವೃತ್ತರಾಗಿ ಹೊಳಲ್ಕೆರೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಸರ್ವೆ ಆಫೀಸು ತೆರೆದಿದ್ದರು. ಗಾಳಿಯಿಂದ ಕರೆಂಟು ಮಾಡುವ ಕಂಪನಿಯವರಿಗೆ ಗುಡ್ಡ ಅಳೆದುಕೊಡುವ ಕೆಲಸ.

"ಲೆಕ್ಕ ಮರ್ತಿಲ್ಲ ತಾನೇ ಮಂಜುಳಾ? ನಂಗೆ ಡಬಲ್ ಇಂಟಿಗ್ರಲ್ ಗೊತ್ತಿರೋರು ಬೇಕು. ಇಲ್ಲಿರೋ ಹುಡುಗರಿಗೆ ಬಟನ್ ಒತ್ತೋದು ಬಿಟ್ರೆ ಏನೂ ಬರಲ್ಲ."

ಕುಣಿಯುವುದೊಂದು ಬಾಕಿ. ಅಪ್ಪನಿಗೆ, ಅವ್ವನಿಗೆ, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ: ನನ್ನನ್ನು ಕರೆದದ್ದು ಲೆಕ್ಕಕ್ಕೆ, ಬರೀ ಲೆಕ್ಕಕ್ಕೆ. ಮೊದಲ ದಿನ ಆಫೀಸಿನಲ್ಲಿ ಟೀ ಕುಡಿಯುತ್ತಾ ಮೇಷ್ಟ್ರು ಕೇಳಿದ ಮೊದಲ ಮಾತು, "ನಿಮ್ಮ ತಾಯಿ ತವರು ಬಾಗೂರು ಕಡೆ ಅಲ್ವೇನಮ್ಮ?" ಎಂದು. ಎಷ್ಟು ನೆನಪಿಟ್ಟುಕೊಂಡಿದ್ದಾರೆ, ಎಂಥ ಪ್ರೀತಿ ಎಂದುಕೊಂಡೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು ದಾಟಿತ್ತು, ಬುದ್ಧಿ ದಾಟಿರಲಿಲ್ಲ.

ಅಳೆಯಬೇಕಾದ ಗುಡ್ಡ ಹೊಸದುರ್ಗ ತಾಲ್ಲೂಕಿನಲ್ಲಿ, ಬಾಗೂರಿನಿಂದ ಆಚೆ. ಗಾಳಿಫ್ಯಾನು ಹೊತ್ತ ಲಾರಿಗಳು ಮೇಲೆ ಹತ್ತಲು ಆ ಗುಡ್ಡಕ್ಕೆ ರಸ್ತೆಯ ಗೆರೆ ಹಾಕಿಕೊಡಬೇಕಿತ್ತು. ಅದರ ಬುಡದಲ್ಲಿಯೇ ನನ್ನ ಸೋದರಮಾವ ಈರಣ್ಣನ ಹಟ್ಟಿ. ಹಟ್ಟಿ ಇರುವುದು ಗುಡ್ಡದ ಈ ಬದಿಗೆ, ಹುಲ್ಲು ಮತ್ತು ಬೇಸಿಗೆಯಲ್ಲೂ ಬತ್ತದ ನೀರಿನ ಕಟ್ಟೆ ಇರುವುದು ಆ ಬದಿಗೆ. ನಡುವೆ ಗುಡ್ಡದ ಹೆಗಲ ಮೇಲೆ ಹಾದು ಹೋಗುವ ಒಂದು ಕುರಿದಾರಿ. ಅದು ತಪ್ಪಿದರೆ ಗುಡ್ಡ ಸುತ್ತಿ ಡಾಂಬರು ರಸ್ತೆಯಲ್ಲಿ, ಕಂಡವರ ಹೊಲದ ಬದುವಿನಲ್ಲಿ, ಬೈಸಿಕೊಳ್ಳುತ್ತಾ ಏಳೆಂಟು ಕಿಲೋಮೀಟರು. ಮರಿ ಕಟ್ಟಿಕೊಂಡು ಅದು ಆಗುವ ಮಾತಲ್ಲ. ಹಟ್ಟಿಯ ಹನ್ನೆರಡು ಮನೆಗಳ ಕುರಿಗಳು ಆ ಒಂದು ದಾರಿಯಿಂದ ಬದುಕಿದ್ದವು.

ಶಿವರಾತ್ರಿಗೆ ಮುಂಚೆ ಮೇಷ್ಟ್ರನ್ನು ನಾನೇ ಹಟ್ಟಿಗೆ ಕರೆದುಕೊಂಡು ಹೋದೆ. ಮಾವ ಅಂಗಳದಲ್ಲಿ ಕರಿಕಂಬಳಿ ಕೊಡವಿ ಹಾಸಿದ. "ಬರ್ರಿ ಸಾಮಿ, ಕುಂತ್ಕಳ್ರಿ. ನಮ್ಮ ಹುಡುಗಿಗೆ ಬುದ್ಧಿ ಕಲಿಸಿದೋರು ನೀವು." ಮೇಷ್ಟ್ರು ಚಪ್ಪಲಿ ಬಿಟ್ಟು, ಕಂಬಳಿ ಮುಟ್ಟಿ ನಮಸ್ಕಾರ ಮಾಡಿ ಕೂತರು. ಅಷ್ಟಕ್ಕೇ ಹಟ್ಟಿಯವರ ಮುಖ ಅರಳಿತು. ನಮ್ಮಲ್ಲಿ ಕಂಬಳಿಯ ಮೇಲೆ ಕೂತು ಆಡಿದ ಮಾತೆಂದರೆ ಮುಗಿಯಿತು. ಹೆಣ್ಣು ಕೊಡುವ ಮಾತು, ಹಿಂಡು ಹಂಚುವ ಮಾತು, ಜಗಳ ಬಗೆಹರಿಸುವ ಮಾತು, ಎಲ್ಲವೂ ಅದರ ಮೇಲೆಯೇ. ಅದರ ಮೇಲೆ ಕೂತವನು ಸುಳ್ಳಾಡುವುದಿಲ್ಲ ಎಂಬುದು ನಮ್ಮವರಿಗೆ ಸೂರ್ಯ ಮೂಡುವಷ್ಟೇ ಖಾತ್ರಿ.

ಮಾವ ನಗುತ್ತಾ ಹೇಳಿದ: "ಹೋದ ಸಲ ಯಾರೋ ಬಂದು ಗುಡ್ಡದ ತುಂಬ ಗೂಟ ಹೊಡೆದು ಹೋದ್ರು. ಕೇಳಿಲ್ಲ, ಹೇಳಿಲ್ಲ. ಎಲ್ಲಾನೂ ಕಿತ್ತು ಒಲೆಗೆ ಹಾಕಿದ್ವಿ. ಚೆನ್ನಾಗಿ ಉರಿದ್ವು ಬಿಡ್ರಿ."

"ನಾವು ಹಂಗೆ ಮಾಡಲ್ಲ ಈರಣ್ಣ" ಎಂದರು ಮೇಷ್ಟ್ರು. "ನಿಮ್ಮ ಕುರಿದಾರಿ ನಿಮಗೇ ಇರ್ತದೆ. ನಮ್ಮ ರಸ್ತೆ ಅದರ ಪಕ್ಕ ಹೋಗ್ತದೆ, ಅದನ್ನ ತುಳಿಯಲ್ಲ. ಈ ಕಂಬಳಿ ಮೇಲೆ ಕೂತು ಹೇಳ್ತಿದೀನಿ."

ಆಗ ನನ್ನ ತಲೆಯಲ್ಲಿ ಒಂದು ಮಾತು ಬಂದದ್ದು ನಿಜ. ಇದನ್ನು ಬರವಣಿಗೆಯಲ್ಲಿ ಕೊಡಿ ಸರ್, ನಕ್ಷೆಯಲ್ಲಿ ಕುರಿದಾರಿ ಎಂದು ಗುರುತು ಹಾಕಿಸಿ ಎಂದು ಕೇಳಬೇಕಿತ್ತು. ಆಫೀಸಿನಲ್ಲಿ ಕಾಗದದ ಮೇಲೆ ಇಲ್ಲದ್ದು ಇಲ್ಲವೇ ಇಲ್ಲ ಎಂದು ಆ ಹಟ್ಟಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೆ ಕಂಬಳಿಯ ಮೇಲೆ ಮಾತು ಆದಮೇಲೆ ಕಾಗದ ಕೇಳುವುದು ಕಂಬಳಿಗೂ ಅವಮಾನ, ಕೂತವರಿಗೂ ಅವಮಾನ. ಅದೂ ನನ್ನ ಮೇಷ್ಟ್ರಿಗೆ! ಬಾಯಿ ಮುಚ್ಚಿಕೊಂಡು ಅತ್ತೆ ಕೊಟ್ಟ ಮಜ್ಜಿಗೆ ಕುಡಿದೆ.

ಆಮೇಲಿನ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು, ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಮಾವನ ಜೊತೆ ಹೊರಡುತ್ತಿದ್ದೆ. "ಹೋಗಾಣ ಬಾರಲೇ ಮಂಜಿ" ಎಂದು ಮಾವ ಕೋಲು ಎತ್ತಿದರೆ ಹಿಂಡು ಏಳುತ್ತಿತ್ತು. ಕುರಿಗಳು ಗುಡ್ಡವನ್ನು ನೆಟ್ಟಗೆ ಹತ್ತುವುದಿಲ್ಲ, ಅಡ್ಡಲೂ ಹೋಗುವುದಿಲ್ಲ, ಓರೆಯಾಗಿ ಏರುತ್ತವೆ. ನಾನು ಅಳತೆಯ ಕೋಲು ಹಿಡಿದು ಹಿಂದೆ ಹಿಂದೆ ನಡೆದು ಪ್ರತಿ ಇಪ್ಪತ್ತು ಹೆಜ್ಜೆಗೆ ಎತ್ತರ ಬರೆದುಕೊಂಡೆ. ಸಂಜೆ ಲ್ಯಾಪ್‌ಟಾಪಿಗೆ ಹಾಕಿದರೆ ನನಗೇ ನಂಬಿಕೆ ಬರಲಿಲ್ಲ. ಬುಡದಿಂದ ಹೆಗಲಿನವರೆಗೆ ಹನ್ನೆರಡು ಅಡಿ ನಡೆದರೆ ಒಂದು ಅಡಿ ಏರು, ಎಲ್ಲಿಯೂ ಅದಕ್ಕಿಂತ ಹೆಚ್ಚಿಲ್ಲ. ಇಷ್ಟಕ್ಕಿಂತ ಕಡಿದಾಗಬಾರದು, ಆದರೂ ಆದಷ್ಟು ಬೇಗ ಮೇಲೆ ತಲುಪಬೇಕು ಎಂದು ಷರತ್ತು ಹಾಕಿ ನಾನು ಮೂರು ಹಾಳೆ ಲೆಕ್ಕ ಮಾಡಿ ತೆಗೆದ ಗೆರೆಯೂ ಕುರಿಗಳ ಗೆರೆಯೂ ಹೆಚ್ಚುಕಡಿಮೆ ಒಂದೇ. ಮಾವನಿಗೆ ತೋರಿಸಿದೆ.

"ಇದನ್ನ ಕಂಡುಹಿಡಿಯಾಕೆ ದುರ್ಗಕ್ಕೆ ಹೋಗಿ ಆರು ವರ್ಷ ಓದಿದ್ಯೇನಲೇ? ನಮ್ಮ ಕುರಿನ ಕೇಳಿದ್ರೆ ಹೇಳ್ತಿದ್ವು" ಎಂದು ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಕ್ಕವರಿಗೆಲ್ಲ ಅದನ್ನೇ ಹೇಳಿ ನಕ್ಕ. ಆ ನಗೆಯ ಒಳಗೆ ಹೆಮ್ಮೆ ಇತ್ತು.

ನಾನು ಆ ಕುರಿದಾರಿಯನ್ನು ಬಿಟ್ಟು ಅದರ ಮೇಲುಬದಿಗೆ ರಸ್ತೆಯ ಗೆರೆ ಎಳೆದುಕೊಟ್ಟೆ. ಮೇಷ್ಟ್ರು ನೋಡಿ ತಲೆಯಾಡಿಸಿದರು. ಯುಗಾದಿ ಕಳೆದ ಮೇಲೆ ಒಂದು ದಿನ ಹೇಳಿದರು:

"ಇನ್ನೊಂದು ಗೆರೆದೂ ಲೆಕ್ಕ ಮಾಡಮ್ಮ. ಹೆಗಲನ್ನ ನೇರ ಕೊರೆದು ಹೋದ್ರೆ ಎಷ್ಟು ಮಣ್ಣು ತೆಗೀಬೇಕು, ತೆಗೆದ ಮಣ್ಣು ತಗ್ಗು ತುಂಬೋಕೆ ಸಾಕಾಗುತ್ತಾ ಅಂತ. ಬರೀ ಹೋಲಿಕೆಗೆ. ನಿನ್ನ ಗೆರೆನೇ ಚೆಂದ ಅಂತ ಕಂಪನಿಯವರಿಗೆ ಕಾಣಬೇಕಲ್ಲ."

ಹೋಲಿಕೆಗೆ ಎಂದಮೇಲೆ ನನಗೆ ಯಾವ ಭಯವೂ ಇರಲಿಲ್ಲ, ಉತ್ಸಾಹ ಮಾತ್ರ ಇತ್ತು. ಇಂಥ ಲೆಕ್ಕ ಪರೀಕ್ಷೆಯಲ್ಲಿ ಬರುವುದಿಲ್ಲ. ಗುಡ್ಡದ ಮೇಲ್ಮೈ ಒಂದು, ರಸ್ತೆಯ ಮೇಲ್ಮೈ ಇನ್ನೊಂದು. ಪ್ರತಿ ಚುಕ್ಕೆಯಲ್ಲಿ ಎರಡರ ನಡುವಿನ ಆಳ ಹಿಡಿದು, ಉದ್ದಕ್ಕೂ ಅಗಲಕ್ಕೂ ಕೂಡಿಸುತ್ತಾ ಹೋದರೆ ಮಣ್ಣಿನ ಒಟ್ಟು ಮೊತ್ತ ಸಿಗುತ್ತದೆ. ಅದೇ ಡಬಲ್ ಇಂಟಿಗ್ರಲ್. ಆಮೇಲೆ ರಸ್ತೆಯನ್ನು ಒಂದು ಗೇಣು ಮೇಲೆ ಎತ್ತಿದರೆ, ಒಂದು ಗೇಣು ಓರೆ ಮಾಡಿದರೆ ಮೊತ್ತ ಹೇಗೆ ಬದಲಾಗುತ್ತದೆ ಎಂದು ಒಂದೊಂದನ್ನೇ ಅಲುಗಿಸಿ ನೋಡಿದೆ. ಕೊನೆಗೆ ಕೊರೆದ ಮಣ್ಣೂ ತುಂಬುವ ತಗ್ಗೂ ತಕ್ಕಡಿ ಇಟ್ಟಂತೆ ಸಮ ಬಂದವು. ಒಂದು ಲಾರಿ ಮಣ್ಣು ಹೊರಗಿನಿಂದ ತರುವಂತಿಲ್ಲ, ಒಂದು ಲಾರಿ ಮಿಗುವಂತಿಲ್ಲ. ಮೇಷ್ಟ್ರು ಹಾಳೆ ನೋಡಿ ಕನ್ನಡಕ ತೆಗೆದು, "ಮೂವತ್ತು ವರ್ಷ ಪಾಠ ಮಾಡಿದ್ದು ಇವತ್ತು ಸಾರ್ಥಕ ಆಯ್ತಮ್ಮ" ಎಂದರು. ಆ ಮಾತನ್ನು ಅವ್ವನಿಗೆ ಫೋನಿನಲ್ಲಿ ಹಾಗೆಯೇ ಒಪ್ಪಿಸಿದೆ.

ಮರುವಾರವೇ ನನ್ನನ್ನು ಹಿರಿಯೂರು ಕಡೆಯ ಒಂದು ಸರ್ವೆಗೆ ಹಾಕಿದರು. "ಹರಿಯಬ್ಬೆಗೆ ಹತ್ತಿರ. ಮನೆ ಊಟ ಮಾಡ್ಕೊಂಡು ಆರಾಮಾಗಿರು." ಎಷ್ಟು ಕಾಳಜಿ ನೋಡಿ! ಅದಕ್ಕೂ ಕಣ್ಣು ತುಂಬಿಕೊಂಡು ಥ್ಯಾಂಕ್ಸ್ ಹೇಳಿ ಬಂದವಳು ನಾನು.

ಆಷಾಢದ ಗಾಳಿ ಆ ಗುಡ್ಡಗಳಲ್ಲಿ ಒಂದೇ ಸಮ ಬೀಸುತ್ತದೆ, ಅದಕ್ಕೇ ಕಂಪನಿಗಳು ಅಲ್ಲಿಗೆ ಬರುವುದು. ಗಾಳಿಯ ಜೊತೆ ಜಿನುಗು ಮಳೆ, ಬೆಳಗಿನ ಹೊತ್ತು ಗುಡ್ಡದ ತಲೆ ಕಾಣದಷ್ಟು ಮಂಜು. ಅಂಥದೊಂದು ದಿನ ಅವ್ವ ಫೋನು ಹಿಡಿದುಕೊಂಡು ಗಾಬರಿಯಿಂದ ಹೊರಗೆ ಬಂದಳು. "ನಿಮ್ಮ ಮಾವನ ಕುರಿ ಬಿದ್ದವಂತೆ ಕಣೇ. ಗುಡ್ಡದಾಗೆ. ಹನ್ನೊಂದು." ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹಟ್ಟಿ ಸೇರುವಾಗ ಮಧ್ಯಾಹ್ನ ದಾಟಿತ್ತು.

ಮಾವ ಅಂಗಳದಲ್ಲಿ ಒಂದು ಕುರಿಯ ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದ. ನಾಲ್ಕು ಸತ್ತಿದ್ದವು. ನಾಲ್ಕನ್ನೂ ಒಂದು ಕಡೆ ಮಲಗಿಸಿ ಸೊಪ್ಪು ಮುಚ್ಚಿದ್ದರು. ಮೂರು ದಿನದಿಂದ ಮೇಲೆ ಯಂತ್ರ ಸದ್ದು ಮಾಡುತ್ತಿದ್ದದ್ದು ಹಟ್ಟಿಯವರಿಗೆ ಗೊತ್ತಿತ್ತು. ಆದರೆ ಮಾತು ಆಗಿದೆಯಲ್ಲ, ರಸ್ತೆ ಪಕ್ಕದಲ್ಲಿ ಹೋಗುತ್ತದೆ ಎಂದು ಯಾರೂ ಮೇಲೆ ಹೋಗಿ ನೋಡಿರಲಿಲ್ಲ. ಮಳೆಗೆ ಹಿಂಡನ್ನು ರೊಪ್ಪದಲ್ಲಿಯೇ ಕೂಡಿಹಾಕಿ ಸೊಪ್ಪು ತಂದು ಹಾಕಿದ್ದರು. ಆ ಬೆಳಿಗ್ಗೆ ಬಿಟ್ಟರು. ಮುಂದೆ ನಡೆಯುವ ಹಳೆಯ ಕುರಿ ಮಂಜಿನಲ್ಲಿ ದಿನದ ದಾರಿ ಹಿಡಿದು ಹೋಗಿದೆ. ದಾರಿ ಇರಬೇಕಾದ ಕಡೆ ದಾರಿ ಇರಲಿಲ್ಲ.

"ಮುಂದಿಂದು ಬಿತ್ತು. ಹಿಂದಿನವು ಅದರ ಹಿಂದೆನೇ ಹೋದ್ವು. ಕುರಿ ಅಲ್ವೇನವ್ವ? ನಾನು ಹಿಂದೆ ಇದ್ದೆ. ಕೂಗೋದ್ರಾಗೆ ಹನ್ನೊಂದು" ಎಂದ ಮಾವ. ಆಮೇಲೆ ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದ. "ನೀನ್ಯಾಕೆ ಅಳ್ತೀಯಲೇ? ನೀನು ಇದ್ದಿದ್ರೆ ಹಿಂಗಾಗಾಕೆ ಬಿಡ್ತಿರಲಿಲ್ಲ. ಅದ್ಕೇ ನಿನ್ನ ಆ ಕಡೆ ಸಾಗಹಾಕಿ ಆಮೇಲೆ ಕೊರೆದವ್ರೆ. ಎಲ್ರಿಗೂ ಅದೇ ಹೇಳಿದೀನಿ."

ಗುಡ್ಡ ಹತ್ತಿ ಹೋದೆ. ಹೆಗಲಿನಲ್ಲಿ ಕೆಂಪು ಕೊರಕಲು ನೆಟ್ಟಗೆ ಇಳಿದಿತ್ತು. ಅದರ ಅಂಚಿಗೆ ಹೋಗಿ ನಿಂತೆ. ಯಾವ ಜಾಗ ಎಂದು ಯಾರೂ ಹೇಳಬೇಕಿರಲಿಲ್ಲ. ನನ್ನ ಎರಡನೆಯ ಹಾಳೆಯ ಅತಿ ಆಳದ ಚುಕ್ಕೆ, ಹದಿನಾಲ್ಕು ಅಡಿ. ಅದರ ಅತ್ತಿತ್ತಲಿನ ಆಳಗಳೂ ಬಾಯಿಪಾಠವಿದ್ದವು. ಹೋಲಿಕೆಗೆಂದು ನಾನು ಮಾಡಿದ ಲೆಕ್ಕ ಗುಡ್ಡದಲ್ಲಿ ಒಂದಂಗುಲ ತಪ್ಪದೆ ಕೂತಿತ್ತು.

ಸೈಟಿನ ತಗಡಿನ ಶೆಡ್ಡಿನಲ್ಲಿ ಇಂಜಿನಿಯರ್ ನಕ್ಷೆ ತೋರಿಸಿದ. ಒಳ್ಳೆಯ ಹುಡುಗ, ಅವನಿಗೇನೂ ಗೊತ್ತಿರಲಿಲ್ಲ. "ನಿಮ್ಮ ಕಟಿಂಗ್ ಲೆಕ್ಕ ಸೂಪರ್ ಮೇಡಂ, ಮಣ್ಣು ಕರೆಕ್ಟಾಗಿ ಟ್ಯಾಲಿ ಆಯ್ತು" ಎಂದ. ಫೈಲಿನಲ್ಲಿ ಒಂದೇ ಗೆರೆಯಿತ್ತು. ಕುರಿದಾರಿ ಉಳಿಸಿದ ನನ್ನ ಮೊದಲ ಗೆರೆಯನ್ನು ಅವನು ಕಂಡೇ ಇರಲಿಲ್ಲ. ಫೈಲಿನ ಮೇಲಿನ ಪತ್ರದಲ್ಲಿ ಹೆಗಲನ್ನು ಕೊರೆದು ಹೋಗುವ ದಾರಿಯನ್ನೇ ಮಾಡಿಕೊಡುತ್ತೇವೆಂದು ಮೇಷ್ಟ್ರು ಒಪ್ಪಿ ಸಹಿ ಮಾಡಿದ್ದರು. ತಾರೀಕು ನೋಡಿದೆ. ಕಂಬಳಿಯ ಮೇಲೆ ಕೂತು ಮಾತು ಕೊಟ್ಟ ದಿನಕ್ಕಿಂತ ಇಪ್ಪತ್ತು ದಿನ ಹಿಂದಿನದು.

ಸಂಜೆಗೆ ಹೊಳಲ್ಕೆರೆ ಆಫೀಸಿಗೆ ಹೋದೆ. ಮೇಷ್ಟ್ರು ಒಬ್ಬರೇ ಇದ್ದರು. ಕೂತುಕೋ ಎಂದರು, ಕೂರಲಿಲ್ಲ.

"ಸರ್, ನನ್ನನ್ನ ಯಾಕೆ ಕೆಲಸಕ್ಕೆ ತಗೊಂಡ್ರಿ?"

"ಯಾಕೆ ಅಂದ್ರೆ? ನನ್ನ ಬೆಸ್ಟ್ ಸ್ಟೂಡೆಂಟ್ ನೀನು."

"ನಾನು ಆ ಹಟ್ಟಿ ಹುಡುಗಿ ಅಂತ ಅಲ್ವಾ? ಗೂಟ ಕೀಳದೇ ಇರ್ಲಿ ಅಂತ ಅಲ್ವಾ?"

ಅವರು ಮೇಜಿನ ಮೇಲಿನ ಸ್ಕೇಲನ್ನು ಸರಿಮಾಡಿದರು. ಆಮೇಲೆ ತರಗತಿಯಲ್ಲಿ ನಗುತ್ತಿದ್ದಂತೆಯೇ ನಕ್ಕರು. "ಎರಡೂ ಇತ್ತಮ್ಮ. ಒಂದೇ ವೇರಿಯೆಬಲ್ ಇಟ್ಕೊಂಡು ಲೋಕದಲ್ಲಿ ಯಾವ ಕೆಲಸ ನಡೀತದೆ? ಫ್ಯಾನಿನ ರೆಕ್ಕೆ ನೂರೈವತ್ತು ಅಡಿ ಉದ್ದ, ನಿನ್ನ ಕುರಿ ತಿರುಗಿದ ಹಾಗೆ ಲಾರಿ ತಿರುಗಲ್ಲ. ಅದು ಮೊದಲೇ ಗೊತ್ತಿತ್ತು. ನಿನ್ನ ಮಾವನಿಗೆ ಹಾಗಂದಿದ್ರೆ ಒಳಗೆ ಕಾಲಿಡೋಕೆ ಬಿಡ್ತಿದ್ರಾ?"

"ನೀವು ಕಂಬಳಿ ಮೇಲೆ ಕೂತಿದ್ರಿ ಸರ್."

"ಕಾಲು ನೋಯ್ತಿತ್ತು, ಕೂರಿ ಅಂದ್ರು, ಕೂತೆ."

ಅಷ್ಟು ಹೊತ್ತಿನವರೆಗೂ ಎಲ್ಲೋ ಒಂದು ಮೂಲೆಯಲ್ಲಿ, ಕಂಪನಿಯವರು ಅವರಿಗೂ ಮೋಸ ಮಾಡಿರಬಹುದು ಎಂಬ ಆಸೆ ನನಗಿತ್ತು. ಆ ಮಾತಿಗೆ ಅದೂ ಹೋಯಿತು. ಅಪ್ಪನಿಗಿಂತ ಹೆಚ್ಚು ನಂಬಿದ್ದೆ ಅವರನ್ನು. ನಂಬಿಸಿ ಕತ್ತು ಕೊಯ್ಯುವುದು ಎಂದು ಜನ ಹೇಳುವುದನ್ನು ಕೇಳಿದ್ದೆ, ಕೊಯ್ಯುವವರು ಇಷ್ಟು ಸಲೀಸಾಗಿ ಮಾತಾಡುತ್ತಾರೆಂದು ಗೊತ್ತಿರಲಿಲ್ಲ. ಆಫೀಸಿನ ಕೀಲಿ, ಲ್ಯಾಪ್‌ಟಾಪು ಮೇಜಿನ ಮೇಲಿಟ್ಟು ಇಳಿದು ಬಂದೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವರು ಹೇಳಿದ್ದು ಕೇಳಿಸಿತು. "ಲೆಕ್ಕ ಮಾಡಿದ್ದು ನೀನೇ ಅನ್ನೋದು ಮಾತ್ರ ಮರೀಬೇಡಮ್ಮ."

ಆ ರಾತ್ರಿ ಸಂಬಂಧಿಕರ ಮನೆಯಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಹಟ್ಟಿಗೆ ಹೋದೆ. ಹೋಗದೆ ಇರಬಹುದಿತ್ತು. ನಮ್ಮ ಹುಡುಗಿಯದೇನೂ ತಪ್ಪಿಲ್ಲ ಎಂದು ಮಾವ ಹನ್ನೆರಡು ಮನೆಗೂ ಹೇಳಿಯಾಗಿತ್ತು. ಆದರೆ ಆ ಮಾತಿನ ಕೆಳಗೆ ನೆರಳಿಗೆ ನಿಂತ ಹಾಗೆ ನಿಂತಿರುವುದು ನನ್ನಿಂದ ಆಗಲಿಲ್ಲ. ಮಾವ ರೊಪ್ಪದ ಬೇಲಿ ಸರಿಮಾಡುತ್ತಿದ್ದ. ಮೇಷ್ಟ್ರ ಸಂಗತಿ ಪೂರ್ತಿ ಹೇಳಿದೆ. ತಾರೀಕು, ಪತ್ರ, ಹೋಲಿಕೆಗೆ ಎಂದದ್ದು, ಎಲ್ಲ. ಕೊನೆಗೆ, "ಮಾವ, ಆ ಕೊರಕಲಿನ ಲೆಕ್ಕ ಮಾಡಿದ್ದು ನಾನೇ" ಎಂದೆ.

ಮಾವ ಮುಳ್ಳಿನ ಕೊಂಬೆಯನ್ನು ಕೆಳಗಿಟ್ಟ.

"ಅಷ್ಟು ಆಳ ಆಗ್ತೈತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಹದಿನಾಲ್ಕು ಅಡಿ ಅಂತ ನಾನೇ ಬರೆದಿದ್ದೆ."

"ಅದು ಕುರಿ ಹಾಯೋ ಜಾಗನೇ ಅಂತಾನೂ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ಮೇಷ್ಟ್ರು ಬರೀ ಹೋಲಿಕೆಗೆ ಅಂದ್ರು. ನಂಬಿಬಿಟ್ಟೆ. ಆ ಮನುಷ್ಯ..."

"ಹದಿನಾಲ್ಕು ಅಂತ ಬರೆಯೋವಾಗ ಕುರಿ ನೆನಪಿಗೆ ಬರ್ಲಿಲ್ವಾ?"

ಸುಳ್ಳು ಹೇಳಬಹುದಿತ್ತು. ಆ ಚುಕ್ಕೆಯಲ್ಲಿ ಆಳ ಹೆಚ್ಚಾದಷ್ಟೂ ತಗ್ಗು ತುಂಬಲು ಮಣ್ಣು ಸರಿಹೋಗುತ್ತಿದೆ ಎಂದು ನಾನು ಅವತ್ತು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದ್ದೆ, ಅಷ್ಟು ಖುಷಿಯಾಗಿತ್ತು. ಕುರಿ ಒಂದು ಸಲವೂ ನೆನಪಾಗಿರಲಿಲ್ಲ.

"ಇಲ್ಲ ಮಾವ" ಎಂದೆ.

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಮಾವ ಬೇಲಿಯ ಕಡೆ ತಿರುಗಿ ಮತ್ತೆ ಕೊಂಬೆ ಎತ್ತಿಕೊಂಡ.

"ಮೇಷ್ಟ್ರ ಮಾತು ಬಿಡು. ಅವರು ಕುರಿ ಕಾಯ್ದೋರಲ್ಲ" ಎಂದ.

ಒಳಗಿನಿಂದ ಅತ್ತೆ ಊಟಕ್ಕೆ ಕರೆದಳು. ಎರಡು ತಟ್ಟೆ ಇಟ್ಟು ಮುದ್ದೆ ಬಡಿಸಿದಳು. ನನ್ನದು ಆರಿತು, ಪಕ್ಕದ್ದೂ ಆರಿತು. ಅತ್ತೆ ಎರಡು ಸಲ ಬಾಗಿಲಿಗೆ ಹೋಗಿ ಕೂಗಿದಳು. ನಾನು ಒಳಗಿರುವಷ್ಟು ಹೊತ್ತೂ ಮಾವ ಊಟಕ್ಕೆ ಬರಲಿಲ್ಲ.